ಪಿಂಕ್ ಫ್ಲಾಯ್ಡ್ ಮನೆಯ ಪಾಲುಪಟ್ಟಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಭಾವನ ಮನೆ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದೆವು. ಮೆಷಿನ್ ಕೆಟ್ಟಿತ್ತು, ಹಾಗಾಗಿ ಕತ್ತಿಯೇ ಗತಿ. ಭಾವನ ಮಗ ಫೋನನ್ನು ಕಂಬಕ್ಕೆ ಒರಗಿಸಿ ಒಂದು ಹಳೆಯ ವಿಡಿಯೊ ಹಾಕಿದ. 2005ರ ಜುಲೈ 2, ಲಂಡನ್ನಿನ ಹೈಡ್ ಪಾರ್ಕ್, ಲೈವ್ 8 ಸಂಗೀತ ಕಾರ್ಯಕ್ರಮ. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡಿನ ನಾಲ್ಕು ಜನ 24 ವರ್ಷದ ಮೇಲೆ ಒಂದೇ ವೇದಿಕೆಯಲ್ಲಿ. ಕೊನೆಗೆ ನಾಲ್ವರೂ ಹೆಗಲಿಗೆ ಕೈ ಹಾಕಿ ನಿಲ್ಲುತ್ತಾರೆ.

"ನೋಡಿ ಮಾವ, ಒಂದಾದರಲ್ಲ" ಎಂದ ಅವನು.

"ಎಂಥ ಒಂದಾಗುವುದು, ಸುಮ್ನೆ ಫೋಟೋಕ್ಕೆ" ಎಂದ ಭಾವ, ಅಡಿಕೆಯಿಂದ ಕಣ್ಣು ತೆಗೆಯದೆ.

(ಮಾತು ನಡೆದದ್ದು ನಮ್ಮ ಮನೆಭಾಷೆಯಲ್ಲಿ. ಇಲ್ಲಿ ಎಲ್ಲರಿಗೂ ಅರ್ಥವಾಗಲಿ ಎಂದು ಶಾಲೆ ಕನ್ನಡಕ್ಕೆ ತಂದಿದ್ದೇನೆ.)

ಆ ನಾಲ್ವರಲ್ಲಿ ಭಾವ ರೋಜರ್ ವಾಟರ್ಸ್ ಪಕ್ಷ. ಎಂಬತ್ತರ ದಶಕದಲ್ಲಿ ನೆರೆಮನೆಯವರು ದುಬೈಯಿಂದ ತಂದ ಕ್ಯಾಸೆಟ್ಟಿನಲ್ಲಿ ಕೇಳಿ ಹಿಡಿದ ಹುಚ್ಚು. ಮಗ ಡೇವಿಡ್ ಗಿಲ್ಮೋರ್ ಪಕ್ಷ, ಯಾಕೆಂದರೆ ಅವನು ಗಿಟಾರ್ ಕಲಿಯುತ್ತಿದ್ದಾನೆ. ಈ ಜಗಳ ನಮ್ಮ ಜಗಲಿಯಲ್ಲಿ ಮಾತ್ರ ಇರುವುದಲ್ಲ. ಈ ಬ್ಯಾಂಡನ್ನು ಇಷ್ಟಪಡುವ ಇಬ್ಬರು ಎಲ್ಲಿ ಸೇರಿದರೂ ಅರ್ಧ ಗಂಟೆಯೊಳಗೆ ಇಲ್ಲಿಗೇ ಬಂದು ನಿಲ್ಲುತ್ತಾರೆ. ಯಾರು ತಪ್ಪು? ಯಾರು ಬಿಟ್ಟು ಹೋದದ್ದು? ಆಮೇಲೆ ರಾಜಿ ಆಯಿತಾ ಇಲ್ವಾ?

ಇಬ್ಬರ ಮಾತೂ ಸರಿ ಎಂದೆ. ಇಬ್ಬರಿಗೂ ಸಿಟ್ಟು ಬಂತು. ಹಾಗಾಗಿ ಅವತ್ತು ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನನ್ನ ಪ್ರಕಾರ ಅಲ್ಲಿರುವುದು ಒಂದು ಜಗಳ ಅಲ್ಲ, ಮೂರು. ಹಾಡು ಯಾರದ್ದು ಅನ್ನುವುದು ಒಂದು. ಹೆಸರು ಯಾರದ್ದು ಅನ್ನುವುದು ಇನ್ನೊಂದು. ಮುಖ ನೋಡಿ ಮಾತಾಡುತ್ತಾರಾ ಅನ್ನುವುದು ಬೇರೆಯೇ. ಒಂದು ಮುಗಿದರೆ ಉಳಿದ ಎರಡೂ ಮುಗಿದವು ಎಂದುಕೊಳ್ಳುವುದರಿಂದಲೇ ಇಷ್ಟೆಲ್ಲ ಗಲಾಟೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬ್ಯಾಂಡ್ ಶುರುವಾದದ್ದು 1965ರಲ್ಲಿ, ಲಂಡನ್ನಿನಲ್ಲಿ. ಸಿಡ್ ಬ್ಯಾರೆಟ್ ಹಾಡು ಬರೆಯುವವನು, ಗಿಟಾರ್ ಅವನದ್ದೇ. ವಾಟರ್ಸ್ ಬೇಸ್ ಗಿಟಾರ್, ರಿಚರ್ಡ್ ರೈಟ್ ಕೀಬೋರ್ಡ್, ನಿಕ್ ಮೇಸನ್ ಡ್ರಮ್ಸ್. ಸಿಡ್‌ನ ಮನಸ್ಸಿನ ಆರೋಗ್ಯ ಕೆಟ್ಟಿತು, ಮಾದಕ ವಸ್ತುವಿನ ಸಹವಾಸವೂ ಇತ್ತು. ಅವನಿಗೆ ಜೊತೆಯಾಗಲಿ ಎಂದು ಗಿಲ್ಮೋರನನ್ನು ಕರೆತಂದರು. 1968ರ ಜನವರಿಯಲ್ಲಿ ಒಂದು ದಿನ ಕಾರ್ಯಕ್ರಮಕ್ಕೆ ಹೊರಟ ಕಾರಿನಲ್ಲಿ, ಸಿಡ್‌ನನ್ನು ಹತ್ತಿಸಿಕೊಳ್ಳುವುದಾ ಎಂದು ಒಬ್ಬ ಕೇಳಿದ. ಬೇಡ ಬಿಡು ಎಂದ ಇನ್ನೊಬ್ಬ. ಅಷ್ಟೇ. ಬ್ಯಾಂಡ್ ಹುಟ್ಟುಹಾಕಿದವರಲ್ಲಿ ಒಬ್ಬ ಹೊರಗಾದದ್ದು ಹೀಗೆ, ಕಾರು ನಿಲ್ಲಿಸದೆ. ಮುಂದೆ ಇವರು ಒಬ್ಬರಿಗೊಬ್ಬರು ಮಾಡಿದ್ದನ್ನೆಲ್ಲ ನೋಡುವಾಗ ನನಗೆ ಈ ಕಾರು ನೆನಪಾಗುತ್ತದೆ.

ಈಗ ಮೊದಲ ಜಗಳ, ಹಾಡಿನದ್ದು. ಇದರಲ್ಲಿ ದುಡ್ಡಿನ ಲೆಕ್ಕ ಅರ್ಥವಾಗದಿದ್ದರೆ ಉಳಿದದ್ದು ಯಾವುದೂ ಅರ್ಥವಾಗುವುದಿಲ್ಲ.

ಒಂದು ರೆಕಾರ್ಡ್ ಮಾರಾಟವಾದರೆ ಎರಡು ದಾರಿಯಲ್ಲಿ ದುಡ್ಡು ಬರುತ್ತದೆ. ಒಂದು, ನುಡಿಸಿ ಹಾಡಿ ಧ್ವನಿಮುದ್ರಣ ಮಾಡಿದ್ದಕ್ಕೆ. ಅದು ಬ್ಯಾಂಡಿನವರೆಲ್ಲ ಒಪ್ಪಂದದ ಪ್ರಕಾರ ಹಂಚಿಕೊಳ್ಳುವುದು. ಎರಡನೆಯದು ಹಾಡು ಬರೆದದ್ದಕ್ಕೆ, ಅಂದರೆ ಸಾಹಿತ್ಯ ಮತ್ತು ರಾಗಸಂಯೋಜನೆಗೆ. ಅದು ಬರೆದವರಿಗೆ ಮಾತ್ರ. ಹಾಡು ಬರೆಯುವವನು ಶ್ರೀಮಂತನಾಗುತ್ತಾ ಹೋಗುತ್ತಾನೆ, ಪಕ್ಕದಲ್ಲಿ ಅಷ್ಟೇ ಬೆವರು ಸುರಿಸಿದವನು ಹಿಂದೆ ಬೀಳುತ್ತಾನೆ. ನಮ್ಮ ಕಡೆಯವರಿಗೆ ಹೇಳುವುದಾದರೆ, ಯಕ್ಷಗಾನದ ಪ್ರಸಂಗ ಬರೆದ ಕವಿ ಒಬ್ಬ, ರಾತ್ರಿಯಿಡೀ ಅದನ್ನು ಎತ್ತಿ ನಿಲ್ಲಿಸುವ ಭಾಗವತರು ಇನ್ನೊಬ್ಬರು. ವೇಷ ಕಟ್ಟುವ ಚೌಕಿಯಲ್ಲಿ ಈ ಲೆಕ್ಕ ಕೇಳುವವರಿಲ್ಲ. ರಾಕ್ ಬ್ಯಾಂಡಿನಲ್ಲಿ ಇದೇ ಲೆಕ್ಕದ ಮೇಲೆ ಮನೆ ಒಡೆಯುತ್ತದೆ.

1973ರಲ್ಲಿ ಬಂದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಇವರನ್ನು ಎಲ್ಲಿಂದ ಎಲ್ಲಿಗೋ ಒಯ್ದಿತು. 1988ರ ತನಕ ಅದು ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಇತ್ತು. ಅದರ ಸಾಹಿತ್ಯ ಪೂರ್ತಿ ವಾಟರ್ಸ್‌ದು, ಸಂಗೀತ ಎಲ್ಲರದ್ದೂ ಹಂಚಿಹೋಗಿದೆ. ಅದರಲ್ಲಿ ಮಾತೇ ಇಲ್ಲದ ಒಂದು ಹಾಡಿದೆ, ಕ್ಲೇರ್ ಟೋರಿ ಎಂಬ ಗಾಯಕಿ ಬರೀ ಆಲಾಪನೆ ಮಾಡಿದ್ದು. ಸ್ಟುಡಿಯೊಗೆ ಕರೆಸಿ, ಹೀಗೆ ಬೇಕು ಹಾಗೆ ಬೇಕು ಎಂದು ಸರಿಯಾಗಿ ಯಾರೂ ಹೇಳಲಿಲ್ಲ. ಅವಳು ಆ ಹೊತ್ತಿಗೆ ಹೊಳೆದದ್ದನ್ನು ಹಾಡಿದಳು. ಸಿಕ್ಕಿದ್ದು 30 ಪೌಂಡ್. ರೆಕಾರ್ಡಿನಲ್ಲಿ ಸಂಯೋಜನೆ ರೈಟ್‌ನ ಹೆಸರಿಗೆ ಇತ್ತು. ಅವಳು 2004ರಲ್ಲಿ ದಾವೆ ಹೂಡಿದಳು. 2005ರಲ್ಲಿ ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಈಗ ಅವಳ ಹೆಸರೂ ಸಂಯೋಜಕರ ಸಾಲಿನಲ್ಲಿ ಇದೆ. 30 ವರ್ಷ ಬೇಕಾಯಿತು, ಆಲಾಪನೆಯೂ ರಚನೆಯೇ ಎಂದು ಒಪ್ಪಿಕೊಳ್ಳಲು.

1977ರ 'ಆನಿಮಲ್ಸ್' ಆಲ್ಬಮ್ಮಿನಲ್ಲಿ ಇನ್ನೂ ಚಂದದ ಒಂದು ಲೆಕ್ಕ ಇದೆ. ಬರವಣಿಗೆಯ ದುಡ್ಡನ್ನು ಅವರು ಹಾಡಿನ ಸಂಖ್ಯೆ ನೋಡಿ ಹಂಚುತ್ತಿದ್ದರು. ನಿಮಿಷ ನೋಡಿ ಅಲ್ಲ. ಗಿಲ್ಮೋರ್ ಕೈಜೋಡಿಸಿದ ಹಾಡು 17 ನಿಮಿಷದ್ದು, ಹೆಚ್ಚುಕಡಿಮೆ ರೆಕಾರ್ಡಿನ ಒಂದು ಬದಿಯನ್ನೇ ತುಂಬುತ್ತದೆ. ವಾಟರ್ಸ್ ತನ್ನ ಒಂದು ಪುಟ್ಟ ಹಾಡನ್ನು ಎರಡು ತುಂಡು ಮಾಡಿ ಒಂದನ್ನು ಆರಂಭಕ್ಕೆ, ಇನ್ನೊಂದನ್ನು ಕೊನೆಗೆ ಇಟ್ಟ. ಒಂದೊಂದು ತುಂಡೂ ಒಂದೂವರೆ ನಿಮಿಷ ಇಲ್ಲ. ಲೆಕ್ಕದಲ್ಲಿ ಅದು ಎರಡು ಹಾಡು! ಇದನ್ನು ಹೇಳಿದಾಗ ಭಾವ ಮೊದಲ ಸಲ ತಲೆ ಎತ್ತಿದ. "ಅದು ಕಲೆಗೆ ಬೇಕಾಗಿ ಮಾಡಿದ್ದು" ಎಂದ. ಇರಬಹುದು. ಆದರೆ ಅಡಿಕೆ ವ್ಯಾಪಾರದಲ್ಲಿ ಒಂದೇ ಗೋಣಿಯನ್ನು ಎರಡು ಸಲ ತೂಗಿದರೆ ನಾವು ಕಲೆ ಅನ್ನುವುದಿಲ್ಲವಲ್ಲ.

ಎಲ್ಲ ಬ್ಯಾಂಡಿಗೂ ಈ ಗತಿ ಬರಬೇಕೆಂದಿಲ್ಲ. ಯು2 ಸಂಗೀತವನ್ನು ಬ್ಯಾಂಡಿನ ಹೆಸರಿಗೇ ಹಾಕುತ್ತಾ ಬಂದಿದೆ. ಕ್ವೀನ್ ಬ್ಯಾಂಡಿನವರು ಈ ವಿಷಯಕ್ಕೆ ವರ್ಷಗಟ್ಟಲೆ ಕಿತ್ತಾಡಿ, 1989ರ ಆಲ್ಬಮ್ಮಿಗೆ ಎಲ್ಲ ಹಾಡನ್ನೂ ನಾಲ್ವರ ಹೆಸರಿಗೆ ಬರೆದುಕೊಂಡರು. ಬುದ್ಧಿ ತಡವಾಗಿ ಬಂದರೂ ಬಂತು.

ಪಿಂಕ್ ಫ್ಲಾಯ್ಡಿನಲ್ಲಿ ಹೋಗ್ತಾ ಹೋಗ್ತಾ ವಾಟರ್ಸ್‌ದೇ ಜಾಸ್ತಿಯಾಯಿತು. 1979ರ 'ದ ವಾಲ್', ಅಂದರೆ ಗೋಡೆ, ಇಡೀ ಅವನ ಕಲ್ಪನೆ. ಗಿಲ್ಮೋರ್ ಜೊತೆಗಾರನಾಗಿ ಬರೆದದ್ದು ಮೂರೇ ಹಾಡು. ಅದರಲ್ಲಿ ಒಂದು, ಕೊನೆಗೆ ಉದ್ದ ಗಿಟಾರ್ ಬರುವ 'ಕಂಫರ್ಟಬ್ಲಿ ನಂಬ್', ನಮ್ಮ ಹುಡುಗ ಕಣ್ಣುಮುಚ್ಚಿ ಕೇಳುವುದು. ರಾಗದ ಮೂಲ ಗಿಲ್ಮೋರ್ ತಂದದ್ದು, ಮಾತು ವಾಟರ್ಸ್ ಬರೆದದ್ದು, ಹೇಗೆ ರೆಕಾರ್ಡ್ ಮಾಡುವುದೆಂದು ಇಬ್ಬರೂ ಜಗಳಾಡಿದ್ದು. ಇಬ್ಬರಲ್ಲಿ ಒಬ್ಬ ಇಲ್ಲದಿದ್ದರೂ ಈ ಹಾಡು ಇರುತ್ತಿರಲಿಲ್ಲ. ಪಕ್ಷ ಹಿಡಿದು ಜಗಳಾಡುವವರು ಇಬ್ಬರೂ ತಮ್ಮ ವಾದಕ್ಕೆ ಇದೇ ಹಾಡನ್ನು ಎತ್ತಿಕೊಳ್ಳುತ್ತಾರೆ, ಗಮನಿಸಿದ್ದೀರಾ?

ಈ ಗದ್ದಲದಲ್ಲಿ ಎಲ್ಲರೂ ಮರೆಯುವ ಒಬ್ಬನಿದ್ದಾನೆ. ನನ್ನ ಪಕ್ಷ ಅವನದ್ದು. ರಿಚರ್ಡ್ ರೈಟ್.

'ದ ವಾಲ್' ರೆಕಾರ್ಡಿಂಗ್ ಸಮಯಕ್ಕೆ ಬ್ಯಾಂಡಿನ ಕೈ ಖಾಲಿಯಾಗುತ್ತಾ ಇತ್ತು. ಇವರ ದುಡ್ಡನ್ನು ಹೂಡಿಕೆ ಮಾಡಲು ನಂಬಿದ್ದ ಕಂಪನಿ ಮುಳುಗಿತ್ತು, ತೆರಿಗೆ ಕಟ್ಟಲು ಹೊಸ ಆಲ್ಬಮ್ ಬೇಗ ಬರಲೇಬೇಕು. ರೈಟ್‌ನ ಸಂಸಾರ ಆಗಲೇ ಸಡಿಲವಾಗಿತ್ತು, ಸ್ಟುಡಿಯೊದಲ್ಲಿ ಅವನಿಂದ ಹೊಸತೇನೂ ಬರುತ್ತಿರಲಿಲ್ಲ. ರಜೆ ಬಿಟ್ಟು ಬೇಗ ಬಾ ಎಂದರೆ ಒಪ್ಪಲಿಲ್ಲ. ಅವನು ಬ್ಯಾಂಡ್ ಬಿಡದಿದ್ದರೆ ಆಲ್ಬಮ್ಮೇ ಹೊರಗೆ ಬರುವುದಿಲ್ಲ ಎಂದು ವಾಟರ್ಸ್ ಪಟ್ಟು ಹಿಡಿದ. ರೈಟ್ ಸೋತ. ಆದರೆ 1980-81ರ ಕಾರ್ಯಕ್ರಮಗಳಿಗೆ ಅವನೇ ಬಂದು ಕೀಬೋರ್ಡ್ ನುಡಿಸಿದ, ಸಂಬಳಕ್ಕೆ! ವೇದಿಕೆಯಲ್ಲಿ ದೊಡ್ಡ ಗೋಡೆ ಕಟ್ಟಿ ಬೀಳಿಸುವ ಆಟ ಅದು, ಖರ್ಚು ವಿಪರೀತ. ಪಾಲುದಾರರಾದ ಉಳಿದ ಮೂವರೂ ಕೈಯಿಂದ ಕಳೆದುಕೊಂಡರು. ಸಂಬಳದ ರೈಟ್ ಒಬ್ಬನೇ ದುಡ್ಡು ಎಣಿಸಿಕೊಂಡು ಮನೆಗೆ ಹೋದ. ಅಡಿಕೆ ಕೊಳೆರೋಗ ಬಂದ ವರ್ಷ ತೋಟದ ಯಜಮಾನ ತಲೆ ಮೇಲೆ ಕೈ ಹೊತ್ತರೂ ಮದ್ದು ಬಿಟ್ಟವನ ಕೂಲಿ ಕೊಡಲೇಬೇಕಲ್ಲ, ಹಾಗೆ. ಇದನ್ನು ತಮಾಷೆ ಎಂದು ಹೇಳುವವರಿದ್ದಾರೆ. ನನಗೆ ನಗು ಬರುವುದಿಲ್ಲ. ತಾನೇ ಕಟ್ಟಿದ ಮನೆಯಲ್ಲಿ ಕೂಲಿಗೆ ಬಂದು ನಿಲ್ಲುವುದು ಹೇಗಿರಬಹುದು ಹೇಳಿ.

ಎರಡನೆಯ ಜಗಳ ಹೆಸರಿನದ್ದು. ಕೋರ್ಟಿಗೆ ಹೋದದ್ದು ಇದು.

1983ರಲ್ಲಿ ಬಂದ ಆಲ್ಬಮ್ಮಿನಲ್ಲಿ ಎಲ್ಲ ಹಾಡೂ ವಾಟರ್ಸ್‌ದು. ಅದರ ಹೊದಿಕೆಯ ಮೇಲೇ ಬರೆದದ್ದು, ರಚನೆ ರೋಜರ್ ವಾಟರ್ಸ್, ಪ್ರಸ್ತುತಿ ಪಿಂಕ್ ಫ್ಲಾಯ್ಡ್ ಎಂಬ ಅರ್ಥದಲ್ಲಿ. 1985ರ ಡಿಸೆಂಬರಿನಲ್ಲಿ ಅವನು ರೆಕಾರ್ಡ್ ಕಂಪನಿಗಳಿಗೆ ಪತ್ರ ಬರೆದು ಹೊರಗೆ ಬಂದ. ತಾನು ಬಿಟ್ಟ ಮೇಲೆ ಬ್ಯಾಂಡ್ ಮುಗಿಯಿತು ಎಂದುಕೊಂಡ. ಗಿಲ್ಮೋರ್, ಮೇಸನ್ ಮುಗಿಸಲಿಲ್ಲ. 1986ರ ಅಕ್ಟೋಬರಿನಲ್ಲಿ ವಾಟರ್ಸ್ ಲಂಡನ್ ಹೈಕೋರ್ಟಿಗೆ ಹೋದ, ಆ ಹೆಸರನ್ನು ಇನ್ನು ಯಾರೂ ಬಳಸಬಾರದು ಎಂದು.

ಭಾವನಿಗೆ ಇದು ನ್ಯಾಯ. "ತೋಟ ಮಾಡಿದ್ದು ಅವನು, ಅವನೇ ಹೋದ ಮೇಲೆ ಉಳಿದವರಿಗೆ ಎಂಥ ಹೆಸರು?"

ಇಲ್ಲಿಗೆ ಬಂದಾಗ ನನಗೆ ನಮ್ಮ ಊರಿನ ಪಾಲುಪಟ್ಟಿಯೇ ನೆನಪಾಗುವುದು. ನಮ್ಮಲ್ಲಿ ಒಬ್ಬೊಬ್ಬರನ್ನೂ ಗುರುತಿಸುವುದು ಮನೆ ಹೆಸರಿನಿಂದ. ಅಣ್ಣತಮ್ಮಂದಿರು ಪಾಲಾಗುವಾಗ ತೋಟವನ್ನು ಅಳೆದು ಹಂಚಬಹುದು, ಪಾತ್ರೆ ಎಣಿಸಬಹುದು. ಮನೆ ಹೆಸರನ್ನು ಹಂಚುವುದು ಹೇಗೆ? ಮೂಲಮನೆಯಲ್ಲಿ ಉಳಿದವನು ದೈವ, ನಾಗ, ಹೆಸರು ಎಲ್ಲ ನೋಡಿಕೊಳ್ಳುತ್ತಾನೆ. ಹೊರಗೆ ಹೋದವನು ಅರ್ಧಕ್ಕಿಂತ ಹೆಚ್ಚು ಮರ ತಾನೇ ನೆಟ್ಟಿದ್ದರೂ ಬೇರೆ ಕಡೆ ಹೊಸ ಮನೆ ಕಟ್ಟಬೇಕು. ತಾನು ಹೋದ ಮೇಲೆ ಮೂಲಮನೆಗೆ ಬೀಗ ಹಾಕಿ ಎಂದು ಅವನು ಹೇಳಿದರೆ ಯಾವ ಪಂಚಾತಿಕೆಯವರು ಒಪ್ಪುತ್ತಾರೆ? ವಾಟರ್ಸ್ ಕೇಳಿದ್ದು ಇದನ್ನೇ. ಗೆಲ್ಲುವುದು ಕಷ್ಟ ಎಂದು ಅವನಿಗೂ ಗೊತ್ತಾಯಿತು.

ಯಕ್ಷಗಾನದ ಹರಕೆ ಮೇಳಗಳಲ್ಲಿ ಈ ತಲೆನೋವೇ ಇಲ್ಲ, ಯಾಕೆಂದರೆ ಮೇಳದ ಹೆಸರು ಕ್ಷೇತ್ರದ್ದು. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದ ಯಾವ ಮೇಳಕ್ಕೆ ಬೇಕಾದರೂ ಹೋಗಬಹುದು. ದೇವರ ಹೆಸರನ್ನು ತೆಗೆದುಕೊಂಡು ಹೋಗುತ್ತೇನೆ ಎನ್ನಲಾಗುವುದಿಲ್ಲ.

1987ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಗಿಲ್ಮೋರನ ದೋಣಿಮನೆಯಲ್ಲಿ ರಾಜಿಯಾಯಿತು. ಥೇಮ್ಸ್ ನದಿಯಲ್ಲಿ ತೇಲುವ ಆಸ್ಟೋರಿಯಾ, ಅವನ ಸ್ಟುಡಿಯೊ ಕೂಡ ಅದೇ. ಹೆಸರು ಗಿಲ್ಮೋರ್ ಮತ್ತು ಮೇಸನ್‌ಗೆ. 'ದ ವಾಲ್' ಎಂಬ ಕಲ್ಪನೆ, ಅದನ್ನು ವೇದಿಕೆಗೆ ತರುವ ಹಕ್ಕು ವಾಟರ್ಸ್‌ಗೆ. ಕಾರ್ಯಕ್ರಮಗಳಲ್ಲಿ ಹಾರಿಸುತ್ತಿದ್ದ ಗಾಳಿ ತುಂಬಿದ ಹಂದಿಯ ಮೇಲೂ ತಕರಾರು ಇತ್ತು. ಗಿಲ್ಮೋರ್ ಕಡೆಯವರು ತಮ್ಮ ಹಂದಿಗೆ ಬೀಜ ಅಂಟಿಸಿ ಗಂಡು ಮಾಡಿದರು. ಇದು ಆ ಹಂದಿ ಅಲ್ಲ, ಬೇರೆ ಹಂದಿ ಎಂದು ತೋರಿಸಲು ಅಂತ ಮಾತಿದೆ. ಕಾನೂನು ಯಾವ್ಯಾವ ಕೆಲಸ ಮಾಡಿಸುತ್ತದೆ ನೋಡಿ! ರೈಟ್ ಆ ವರ್ಷ ಮತ್ತೆ ಬಂದ, ಮತ್ತೆ ಸಂಬಳಕ್ಕೇ. 1994ರ ಆಲ್ಬಮ್ ಹೊತ್ತಿಗೆ ಪೂರ್ಣ ಸದಸ್ಯನಾದ.

ವರ್ಷಗಳ ನಂತರ, 2013ರಲ್ಲಿ, ಬಿಬಿಸಿ ಸಂದರ್ಶನದಲ್ಲಿ ವಾಟರ್ಸ್ ಆ ದಾವೆ ಹೂಡಿದ್ದು ತನ್ನ ತಪ್ಪು ಎಂದು ಒಪ್ಪಿಕೊಂಡ. ಭಾವ ಇದನ್ನು ನಂಬಲೇ ಇಲ್ಲ. ಫೋನಿನಲ್ಲಿ ಹುಡುಕಿ ತೋರಿಸಬೇಕಾಯಿತು. ನಾಯಕನೇ ಸೋಲು ಒಪ್ಪಿಕೊಂಡರೂ ಅಭಿಮಾನಿ ಒಪ್ಪಿಕೊಳ್ಳುವುದಿಲ್ಲ. ಚುನಾವಣೆಯಲ್ಲಿ ಹಾಗೆ, ತಾಳಮದ್ದಳೆಯಲ್ಲೂ ಹಾಗೆ.

ಅಂದರೆ ಕಾಗದದ ರಾಜಿ ಆದದ್ದು 1987ರಲ್ಲಿ. ವೇದಿಕೆಯಲ್ಲಿ ಒಟ್ಟಿಗೆ ನಿಂತದ್ದು 2005ರಲ್ಲಿ. ನಡುವೆ 18 ವರ್ಷ. ಕೇಸು ಮುಗಿದರೂ ಬಾಯಿ ತೆರೆಯದ ಆ 18 ವರ್ಷ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗಬೇಕು. 1956ರಲ್ಲಿ ಗಡಿ ಎಳೆದು ಕಾಸರಗೋಡು ಕೇರಳಕ್ಕೆ ಸೇರಿ ಆಯಿತು, ಕಾಗದದಲ್ಲಿ ಎಲ್ಲ ಮುಗಿದಿದೆ, ಆದರೂ ಬಸ್ಸಿನ ಬೋರ್ಡ್ ಯಾವ ಭಾಷೆಯಲ್ಲಿ ಎಂದು ಇವತ್ತಿಗೂ ನಾವು ಮಾತಾಡುತ್ತಲೇ ಇದ್ದೇವೆ. ಇರಲಿ, ಅದು ಬೇರೆ ಕಥೆ.

ಈಗ ಆ ವಿಡಿಯೊಗೆ ಬರೋಣ. ಕಾರ್ಯಕ್ರಮ ನಡೆಸುತ್ತಿದ್ದ ಬಾಬ್ ಗೆಲ್ಡಾಫ್ ಮೊದಲು ಗಿಲ್ಮೋರನನ್ನು ಕೇಳಿದ. ಆಗುವುದಿಲ್ಲ ಎಂದ. ಮನವೊಲಿಸಲು ರೈಲು ಹತ್ತಿ ಹೋದರೂ ಆಗುವುದಿಲ್ಲ ಎಂದ. ವಿಷಯ ಮೇಸನ್ ಮೂಲಕ ವಾಟರ್ಸ್ ಕಿವಿಗೆ ಬಿತ್ತು. ಆಮೇಲೆ ವಾಟರ್ಸ್ ತಾನೇ ಗಿಲ್ಮೋರ್‌ಗೆ ಫೋನ್ ಮಾಡಿದ. ಒಂದು ದಿನ ಯೋಚಿಸಿ ಗಿಲ್ಮೋರ್ ಹೂಂ ಎಂದ. ನನ್ನ ಲೆಕ್ಕದಲ್ಲಿ ಇಡೀ ಕಥೆಯಲ್ಲಿ ದೊಡ್ಡ ಕೆಲಸ ಆ ಫೋನು. ಅದರ ವಿಡಿಯೊ ಯಾರ ಹತ್ತಿರವೂ ಇಲ್ಲ.

ವೇದಿಕೆಯಲ್ಲಿ ಒಂದು ಹಾಡಿನ ಮೊದಲು ವಾಟರ್ಸ್ ಮೈಕಿನಲ್ಲಿ ಸಿಡ್‌ನನ್ನು ನೆನೆಸಿಕೊಂಡ. ಇಷ್ಟು ವರ್ಷಗಳ ಮೇಲೆ ಈ ಮೂವರ ಜೊತೆ ನಿಂತಾಗ ಮನಸ್ಸು ತುಂಬಿ ಬರುತ್ತದೆ ಎಂಬ ಅರ್ಥದ ಮಾತು ಹೇಳಿದ. ಎಲ್ಲ ಮುಗಿದ ಮೇಲೆ ಗಿಲ್ಮೋರ್ ಥ್ಯಾಂಕ್ಸ್ ಹೇಳಿ ಹೊರಡುವ ಅಂದಾಜಿನಲ್ಲಿದ್ದ. ವಾಟರ್ಸ್ ಕೈ ಬೀಸಿ ಬಾ ಬಾ ಎಂದು ಕರೆಯುತ್ತಾನೆ. ಗಿಲ್ಮೋರ್ ಒಂದು ಕ್ಷಣ ಅನುಮಾನಿಸುತ್ತಾನೆ. ಆಮೇಲೆ ಬರುತ್ತಾನೆ. ನಾವು ಆ ಜಾಗವನ್ನು ಹಿಂದೆ ಮುಂದೆ ಮಾಡಿ ನಾಲ್ಕೈದು ಸಲ ನೋಡಿದೆವು. ಮಗ ಹೇಳಿದ, ಬಂದನಲ್ಲ. ಅಪ್ಪ ಹೇಳಿದ, ಕರೆದದ್ದು ಯಾರು? ಒಂದೇ ಮೂರು ಸೆಕೆಂಡಿನಲ್ಲಿ ಇಬ್ಬರಿಗೂ ಬೇಕಾದ ಸಾಕ್ಷಿ ಸಿಕ್ಕಿತು.

ಅದರ ನಂತರ ಆಲ್ಬಮ್ ಬರಲಿಲ್ಲ, ಊರೂರು ಸುತ್ತಾಟವೂ ಇಲ್ಲ. ದುಡ್ಡಿಗಾಗಿ ಸೇರಿದ್ದು ಎನ್ನುವವರಿಗೆ ಇಷ್ಟು ಸಾಕು, ಆ ಮಾತು ನಿಲ್ಲುವುದಿಲ್ಲ. ಕಾರ್ಯಕ್ರಮದ ದೆಸೆಯಿಂದ ಜಾಸ್ತಿ ಮಾರಾಟವಾದ ರೆಕಾರ್ಡಿನ ತನ್ನ ಪಾಲನ್ನು ದಾನಕ್ಕೆ ಕೊಡುತ್ತೇನೆ ಎಂದು ಗಿಲ್ಮೋರ್ ಹೇಳಿದ್ದ. 2006ರ ಜುಲೈಯಲ್ಲಿ ಸಿಡ್ ತೀರಿಕೊಂಡ, 2008ರ ಸೆಪ್ಟೆಂಬರಿನಲ್ಲಿ ರೈಟ್. ನಾಲ್ವರು ಸೇರುವ ಮಾತು ಅಲ್ಲಿಗೆ ಮುಗಿಯಿತು.

ನನಗೆ 2005ಕ್ಕಿಂತ 2010 ಇಷ್ಟ. ಇಂಗ್ಲೆಂಡಿನ ಒಂದು ಹಳ್ಳಿಬಂಗಲೆಯಲ್ಲಿ ಸುಮಾರು 200 ಜನರ ಎದುರು, ಪ್ಯಾಲೆಸ್ಟೀನ್ ಮಕ್ಕಳ ಸಹಾಯಾರ್ಥ ಒಂದು ಸಣ್ಣ ಕಾರ್ಯಕ್ರಮ. ಒಂದು ಹಳೆಯ ಪ್ರೇಮಗೀತೆ ಹಾಡು ಎಂದು ಗಿಲ್ಮೋರ್ ಕೇಳಿದ, ವಾಟರ್ಸ್ ಹಿಂಜರಿದ. ನೀನು ಇದನ್ನು ಹಾಡಿದರೆ ನಿನ್ನ ಗೋಡೆಯ ಕಾರ್ಯಕ್ರಮಕ್ಕೆ ಬಂದು ನಾನು ಗಿಟಾರ್ ನುಡಿಸುತ್ತೇನೆ ಎಂದ ಗಿಲ್ಮೋರ್. ಅಪ್ಪಟ ಮುಯ್ಯಾಳು! ನನ್ನ ತೋಟಕ್ಕೆ ನೀನು, ನಿನ್ನ ತೋಟಕ್ಕೆ ನಾನು. 2011ರ ಮೇ 12ರಂದು ಲಂಡನ್ನಿನಲ್ಲಿ ಗೋಡೆಯ ಮೇಲೆ ನಿಂತು ಗಿಲ್ಮೋರ್ 'ಕಂಫರ್ಟಬ್ಲಿ ನಂಬ್'ನ ಆ ಗಿಟಾರ್ ನುಡಿಸಿ ಸಾಲ ತೀರಿಸಿದ. ಅಪ್ಪಿಕೊಳ್ಳುವುದು, ಕಣ್ಣೀರು ಹಾಕುವುದು ಇಲ್ಲದೆ ಹೀಗೆ ಕೆಲಸಕ್ಕೆ ಕೆಲಸ ಕೊಟ್ಟು ಮುಗಿಸುವುದನ್ನು ನಾನು ಜಾಸ್ತಿ ನಂಬುತ್ತೇನೆ.

ಅದೂ ಬಾಳಲಿಲ್ಲ. 2023ರ ಫೆಬ್ರವರಿಯಲ್ಲಿ ಗಿಲ್ಮೋರನ ಹೆಂಡತಿ ಪಾಲಿ ಸ್ಯಾಮ್ಸನ್ ವಾಟರ್ಸ್ ಮೇಲೆ ತೀರಾ ಖಾರವಾದ ಟ್ವೀಟ್ ಹಾಕಿದಳು, ಪ್ರತಿ ಮಾತೂ ಸತ್ಯ ಎಂದು ಗಂಡ ಸಹಿ ಹಾಕಿದ. ವಾಟರ್ಸ್ ಆ ಆರೋಪವೆಲ್ಲ ಸುಳ್ಳು ಎಂದ. ಆದರೆ ಈ ಸಲ ಜಗಳ ಹಾಡಿನದ್ದೂ ಅಲ್ಲ, ಹೆಸರಿನದ್ದೂ ಅಲ್ಲ. ಉಕ್ರೇನ್, ಇಸ್ರೇಲ್, ಯುದ್ಧದ ರಾಜಕೀಯ. ಹಳೆಯ ಗಾಯವೇ ಇದು ಎನ್ನುವವರು ಇದನ್ನು ನೋಡುವುದಿಲ್ಲ.

ತಮಾಷೆ ಏನೆಂದರೆ, ಮಾತು ಬಿಟ್ಟಿರುವ ಹೊತ್ತಿಗೇ ವ್ಯಾಪಾರ ಕುದುರಿತು. 2024ರ ಅಕ್ಟೋಬರಿನಲ್ಲಿ ಧ್ವನಿಮುದ್ರಣದ ಹಕ್ಕು ಸೋನಿ ಕಂಪನಿಗೆ ಮಾರಾಟವಾಯಿತು, ಸುಮಾರು 40 ಕೋಟಿ ಡಾಲರಿಗೆ ಎಂದು ವರದಿಯಾಯಿತು. ಹಾಡು ಬರೆದವರ ಹಕ್ಕು ಅದರಲ್ಲಿ ಸೇರಿಲ್ಲ. ಮೊದಲು ಹೇಳಿದ ಎರಡು ದಾರಿ ನೆನಪಿದೆಯಲ್ಲ, ಅದೇ. ಮುಖ ನೋಡದವರು ಒಂದೇ ಕಾಗದಕ್ಕೆ ಒಪ್ಪಿಗೆ ಕೊಡಬಹುದು, ಪಾಲುಪಟ್ಟಿಗೆ ಸಹಿ ಹಾಕಲು ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬರುವ ಅಣ್ಣತಮ್ಮಂದಿರು ಎರಡು ಬೇರೆ ಬೇರೆ ಬೆಂಚಿನಲ್ಲಿ ಕೂರುವುದನ್ನು ನೋಡಿದವರಿಗೆ ಇದು ಆಶ್ಚರ್ಯ ಅಲ್ಲ.

ಓಯಸಿಸ್ ಎಂಬ ಇನ್ನೊಂದು ಬ್ಯಾಂಡಿನ ಅಣ್ಣತಮ್ಮಂದಿರ ವಿಷಯ ತಿರುವುಮುರುವು. 2009ರಲ್ಲಿ ಪ್ಯಾರಿಸ್ಸಿನಲ್ಲಿ ಕಿತ್ತಾಡಿ ಬೇರೆಯಾದವರು 2025ರ ಜುಲೈಯಲ್ಲಿ ಕಾರ್ಡಿಫ್‌ನಲ್ಲಿ ಒಟ್ಟಿಗೆ ಹಾಡಿದರು. ಅಲ್ಲಿ ಹಾಡು ಬಹುಪಾಲು ಅಣ್ಣ ನೋಯೆಲ್‌ದು, ಅದರ ಬಗ್ಗೆ ದೊಡ್ಡ ತಕರಾರು ಇರಲಿಲ್ಲ. ಇದ್ದದ್ದು ಮೂರನೆಯ ಜಗಳ ಮಾತ್ರ, ಬರೀ ಮುಖದ್ದು. ಅದಕ್ಕೇ ಮುಗಿಯುವಾಗ ಒಂದೇ ಸಲಕ್ಕೆ ಮುಗಿಯಿತು ಅಂತ ನನ್ನ ಅಂದಾಜು.

ಇಷ್ಟು ಹೊತ್ತಿಗೆ ಗೋಣಿ ಅರ್ಧ ಆಗಿತ್ತು. ಹುಡುಗ ಕೇಳಿದ, "ಹಾಗಾದರೆ ನಿಕ್ ಮೇಸನ್ ಯಾರ ಪಕ್ಷ ಮಾವ?"

ಮೇಸನ್ ಶುರುವಿನಿಂದ ಕೊನೆಯ ತನಕ ಬ್ಯಾಂಡ್ ಬಿಡದೆ ಉಳಿದ ಒಬ್ಬನೇ ಒಬ್ಬ. ಕೋರ್ಟಿನ ಕಾಲದಲ್ಲಿ ಗಿಲ್ಮೋರ್ ಜೊತೆ ಇದ್ದ, ವಾಟರ್ಸ್ ಜೊತೆ ಆಮೇಲೆ ಸ್ನೇಹ ಕುದುರಿಸಿಕೊಂಡ. 2018ರಲ್ಲಿ ಬೇರೆ ಹೆಸರಿನ ಒಂದು ತಂಡ ಕಟ್ಟಿ, ಜಗಳಕ್ಕೆ ಮೊದಲಿನ ಕಾಲದ ಹಾಡುಗಳನ್ನು ಮಾತ್ರ ನುಡಿಸುತ್ತಾ ತಿರುಗಲು ಹೊರಟ. 2019ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ವಾಟರ್ಸ್ ಅವನ ವೇದಿಕೆಗೆ ಹತ್ತಿ ಒಂದು ಹಳೆಯ ಹಾಡು ಹಾಡಿ ಹೋದ.

ನಾನು ಇದನ್ನೆಲ್ಲ ಹೇಳುವ ಮೊದಲೇ ಭಾವ ಉತ್ತರ ಕೊಟ್ಟ. "ಚೆಂಡೆಯವನಿಗೆ ಎಂಥ ಪಕ್ಷ ಮಾರಾಯ? ವೇಷ ಬಂದರೆ ಬಾರಿಸಬೇಕು."

ಮಗ ವಿಡಿಯೊವನ್ನು ಮತ್ತೆ ಆ ಮೂರು ಸೆಕೆಂಡಿಗೆ ಎಳೆದ. ಈ ಸಲ ನಾವು ಹಿಂದೆ ನಿಂತ ಮೇಸನ್‌ನನ್ನು ನೋಡಿದೆವು. ನಾಲ್ವರಲ್ಲಿ ಅವನೊಬ್ಬನೇ ಹಾಯಾಗಿ ನಗುತ್ತಾ ಇದ್ದಾನೆ ಎಂದು ನನಗೆ ಅನ್ನಿಸಿತು. ಭಾವ ಒಪ್ಪಲಿಲ್ಲ.